ಗ್ಯೂಲಾದ ಊಟ ನನ್ನದು

ಅಕ್ಟೋಬರ್ ೭, ಭಾನುವಾರ. ಬಸ್ಸಿನಲ್ಲಿ

ವೆಲಿಮಿರ್ ಭಾವ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟಿದ್ದಾರೆ. ಬಿಟ್ಟುಕೊಟ್ಟ ವಿಷಯವನ್ನು ಬಸ್ಸಿಗೆಲ್ಲ ಕೇಳುವಂತೆ ಹೇಳಿಯೂ ಆಗಿದೆ. ನಮ್ಮೂರು ಪಿರೋತಿನ ಪಿಂಚಣಿದಾರರ ಸಂಘದವರೆಲ್ಲ ಬಿಸಿನೀರಿನ ಸ್ನಾನಕ್ಕೆಂದು ಒಂದು ವಾರ ಹಂಗೇರಿಯ ಗ್ಯೂಲಾ ಊರಿಗೆ ಹೊರಟಿದ್ದೇವೆ. ಮಂಡಿ ನೋವಿಗೆ ಹೋಗಿ ಬನ್ನಿ ಅಂದದ್ದು ಡಾಕ್ಟರು, ದುಡ್ಡು ಕಟ್ಟಿದ್ದು ಭಾವ. ನಾನೇ ಕೊಡುತ್ತೇನೆ ಅಂದದ್ದಕ್ಕೆ ಕೈ ಅಡ್ಡ ಹಿಡಿದು, "ನನ್ನ ತಮ್ಮನ ಹೆಂಡ್ತಿ ನನ್ನ ಮುಂದೆ ಪರ್ಸು ತೆಗೀತಾಳಾ? ಜನ ಏನಂತಾರೆ?" ಅಂದರು. ಜನ ಏನೂ ಅನ್ನುವುದಿಲ್ಲ, ಜನಕ್ಕೆ ಅವರವರ ಮಂಡಿ ನೋವೇ ಸಾಕಷ್ಟಿದೆ. ಆದರೂ ಪರ್ಸು ಚೀಲಕ್ಕೆ ಹಾಕಿಕೊಂಡೆ.

ನನ್ನ ಗಂಡ ತಿಹೋಮಿರ್ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಹೋಟೆಲಿಗೆ ಹೋದರೆ ಭಾವನೇ ಕೊಡುವುದು, ಕಾಫಿಗೆ ಹೋದರೂ ಅವರೇ. ಹಾಗಾಗಿ ಯಾವ ಹೋಟೆಲು, ಯಾವ ಕಾಫಿ, ಕಾಫಿಗೆ ಸಕ್ಕರೆ ಎಷ್ಟು ಅನ್ನುವುದನ್ನೂ ಅವರೇ ಹೇಳುತ್ತಾರೆ. ಪಿರೋತಿನವರು ಜಿಪುಣರೆಂದು ಸೆರ್ಬಿಯಾ ಪೂರ್ತಿ ಆಡಿಕೊಳ್ಳುತ್ತದೆ. ಅದನ್ನು ಸುಳ್ಳು ಮಾಡುವುದಕ್ಕೇ ಭಾವ ಹುಟ್ಟಿದ್ದು. ಊಟ ಮುಗಿಯುವ ಮುಂಚೆಯೇ ಕೈತೊಳೆಯುವ ನೆಪ ಮಾಡಿ ಎದ್ದು ಹೋಗುತ್ತಾರೆ, ಕೌಂಟರಿನಲ್ಲಿ ಬಿಲ್ಲು ತೀರಿಸಿ ಬಂದು, ಏನೂ ಆಗದವರಂತೆ ಮೀಸೆ ಒರೆಸಿಕೊಳ್ಳುತ್ತಾರೆ. ನಮ್ಮ ಕಡೆ ಗಂಡಸರೆಲ್ಲ ಹೀಗೆಯೇ, ಬಿಲ್ಲಿಗಾಗಿ ಅಂಗಿ ಹರಿದುಕೊಂಡವರೂ ಇದ್ದಾರೆ. ಭಾವನನ್ನು ಸೋಲಿಸಿದವರು ಮಾತ್ರ ಈವರೆಗೆ ಯಾರೂ ಇಲ್ಲ. ದುಡ್ಡು ಕೊಟ್ಟವರು ಮಾತಾಡಬೇಕು, ತಿಂದವರು ಕೇಳಬೇಕು ಅನ್ನುವುದು ಅವರ ಕಾನೂನು.

ನನಗೊಂದು ಆಸೆಯಿದೆ. ಇಲ್ಲಿ ಬರೆದರೆ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಒಂದು ಸಲ, ಒಂದೇ ಒಂದು ಸಲ, ಮೇಜಿನ ಬಿಲ್ಲು ನಾನು ಕೊಡಬೇಕು.

ಅದಕ್ಕಾಗಿ ಹೋದ ತಿಂಗಳು ಯಾರಿಗೂ ಹೇಳದೆ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯವರೆಗೆ ನನ್ನ ಪಿಂಚಣಿಯನ್ನು ಪೋಸ್ಟ್‌ಮ್ಯಾನ್ ಬಾಗಿಲಿಗೆ ತಂದುಕೊಡುತ್ತಿದ್ದ. ಬ್ಯಾಂಕಿನ ಹುಡುಗಿ ಎರಡು ಕಾರ್ಡು ಮಾಡಿಕೊಟ್ಟಳು, ಒಂದು ನೀಲಿ, ಒಂದು ಬೂದು. ಎರಡಕ್ಕೂ ಒಂದೇ ಗುಟ್ಟಿನ ಸಂಖ್ಯೆ. ಬೂದು ಕಾರ್ಡಿನ ಬಗ್ಗೆ ಅವಳು ಏನೋ ಹೇಳತೊಡಗಿದಳು. ಮಧ್ಯದಲ್ಲಿ "ಫೀ" ಅನ್ನುವ ಮಾತು ಬಂತು. ಫೀ ಅಂದಮೇಲೆ ಮುಂದಿನದು ನನ್ನ ಕಿವಿಗೆ ಬೀಳಲಿಲ್ಲ. ನೀಲಿಯದನ್ನು ಪರ್ಸಿಗೆ ಹಾಕಿಕೊಂಡೆ, ಬೂದು ಬಣ್ಣದ್ದನ್ನು ಒಳಲಂಗದ ಜೇಬಿಗೆ ಹಾಕಿ ಮರೆತುಬಿಟ್ಟೆ. ಎಷ್ಟಾದರೂ ನಾನೂ ಪಿರೋತಿನವಳೇ.

ಪಕ್ಕದಲ್ಲಿ ಓರಗಿತ್ತಿ ಝಗೋರ್ಕಾ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಾಳೆ. ಒಂದು ಗಂಡನಿಗೆ, ಒಂದು ನನಗೆ, ಮತ್ತೊಂದು ಗಂಡನಿಗೆ. ತಾನು ಇನ್ನೂ ತಿಂದಿಲ್ಲ. ಗಡಿಯಲ್ಲಿ ಬಸ್ಸು ನಿಂತೇ ಇದೆ.

ಅಕ್ಟೋಬರ್ ೮, ಸೋಮವಾರ

ಮುಖ ಎತ್ತಿಕೊಂಡು ಓಡಾಡುವಂತಿಲ್ಲ.

ನಮ್ಮ ದಿನಾರನ್ನು ಇಲ್ಲಿ ಯಾರೂ ಕೈಯಲ್ಲೂ ಮುಟ್ಟುವುದಿಲ್ಲ. ಹಣ ಬದಲಿಸುವ ಅಂಗಡಿಯಾಕೆ ನನ್ನ ನೋಟನ್ನು ಅತ್ತ ಇತ್ತ ತಿರುಗಿಸಿ, ಅದರ ಮೇಲಿನ ಚಿತ್ರಕ್ಕೆ ಒಂದು ನಗು ಕೊಟ್ಟು, ವಾಪಸು ತಳ್ಳಿದಳು. ಭಾವ ಯೂರೋ ತಂದಿದ್ದಾರೆ, ಅವರದು ನಡೆಯುತ್ತದೆ. ಸರಿ, ಊಟವಾದ ಮೇಲೆ ಔಷಧಿ ಅಂಗಡಿಯ ಪಕ್ಕದ ಎಟಿಎಂ ಹತ್ತಿರ ಹೋದೆ. ಭಾಷೆ ಆರಿಸಲು ತೆರೆಯ ಮೇಲೆ ಬಾವುಟಗಳು ಬಂದವು, ನಮ್ಮದಿಲ್ಲ. ಟೀವಿ ನೋಡಿ ಜರ್ಮನ್ ನಾಲ್ಕು ಪದ ಬರುತ್ತವಲ್ಲ ಎಂದು ಜರ್ಮನ್ ಬಾವುಟ ಒತ್ತಿದೆ. ಆ ನಾಲ್ಕರಲ್ಲಿ ಒಂದೂ ಅಲ್ಲಿರಲಿಲ್ಲ. ಸಂಖ್ಯೆ ಒತ್ತಿದೆ. ಅದು ಒಂದಿಷ್ಟು ಗುರುಗುಟ್ಟಿ ನೀಲಿ ಕಾರ್ಡನ್ನು ಉಗುಳಿತು. ಮತ್ತೆ ಹಾಕಿದೆ, ಮತ್ತೆ ಉಗುಳಿತು.

ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು. ಎದುರು ಕಾಫಿ ಅಂಗಡಿಯಲ್ಲಿ ಭಾವ, ಅವರ ಜೊತೆ ಸಂಘದ ಅಧ್ಯಕ್ಷ ಗವ್ರಿಲೋ. ಈ ಗವ್ರಿಲೋಗೆ ಮದುವೆಯಿಲ್ಲ, ಹಾಗಾಗಿ ಬೇರೆಯವರ ಮನೆ ವಿಷಯಕ್ಕೆ ಬೇಕಾದಷ್ಟು ಪುರಸೊತ್ತು.

"ಏನಮ್ಮ ರಾದೊಯ್ಕಾ, ಗೋಡೆ ಜೊತೆ ಜಗಳವಾ?" ಅಂದರು ಭಾವ.

"ಸುಮ್ನೆ ನೋಡ್ತಿದ್ದೆ ಭಾವ."

"ನೋಡು ನೋಡು. ಆ ಯಂತ್ರಕ್ಕೇ ಬುದ್ಧಿ ಇದೆ. ಗಂಡ ಸತ್ತ ಹೆಣ್ಣಿನ ಹತ್ರ ಕಾರ್ಡು ತಗೋಬಾರದು ಅಂತ ಅದಕ್ಕೂ ಗೊತ್ತು."

ಗವ್ರಿಲೋ ನಕ್ಕ. ನಾನೂ ನಕ್ಕೆ. ನಕ್ಕದ್ದಕ್ಕೆ ನನ್ನ ಮೇಲೆಯೇ ಇನ್ನೂ ಸಿಟ್ಟು ಬರುತ್ತಿದೆ.

ಅದು ಸಾಲದೆಂಬಂತೆ ಸಂಜೆ ಮೀನಿನ ಸಾರಿನ ಮುಂದೆ ಕೂರಿಸಿ ಹೇಳಿದರು. "ನೋಡು, ನಾನು ತೀರ್ಮಾನ ಮಾಡಿದೀನಿ. ಊರಿಗೆ ಹೋದ ತಕ್ಷಣ ನಿನ್ನ ಮನೆ ಬಾಡಿಗೆಗೆ ಕೊಡೋದು. ನೀನು ನಮ್ಮ ಮೇಲಿನ ಕೋಣೆಗೆ ಬಂದ್ಬಿಡು. ನಿನ್ನ ಪಿಂಚಣಿನೂ ನಾನೇ ನೋಡ್ಕೋತೀನಿ. ಒಂಟಿ ಹೆಂಗಸು, ನಿನಗ್ಯಾಕೆ ತಲೆನೋವು? ಶನಿವಾರ ಕೊನೇ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳ್ತೀನಿ."

ಬಾಯಲ್ಲಿ ಅವರ ದುಡ್ಡಿನ ಸಾರು. ಆ ಬಾಯಲ್ಲಿ ಬೇಡ ಅನ್ನುವುದು ಹೇಗೆ? ಝಗೋರ್ಕಾ ನನ್ನ ಕಡೆ ನೋಡಲಿಲ್ಲ, ಬ್ರೆಡ್ಡನ್ನು ಚೂರು ಚೂರು ಮಾಡುತ್ತಿದ್ದಳು. ಆ ಮೇಲಿನ ಕೋಣೆ ನನಗೆ ಗೊತ್ತು. ಬೆಳಕು ಚೆನ್ನಾಗಿದೆ. ಆದರೆ ಅದರ ಮೆಟ್ಟಿಲು ಇಳಿದು ಬರುವುದು ಅವರ ಅಡುಗೆಮನೆಯೊಳಕ್ಕೆ. ಹೊರಗೆ ಹೋಗಬೇಕಾದರೆ ದಿನಾ ಅವರ ಮುಂದೆ ಹಾಯಬೇಕು. ಬೇಡ. ನನಗೆ ಬೇಡ. ಇಲ್ಲಿಯಾದರೂ ಬರೆದಿಡುತ್ತೇನೆ.

ಅಕ್ಟೋಬರ್ ೯, ಮಂಗಳವಾರ

ಸ್ನಾನ. ಊಟ. ಭಾವ ಕೊಟ್ಟರು. ದಾರಿಯ ಅಂಗಡಿಯಲ್ಲಿ ಪಿಂಗಾಣಿ ಬಟ್ಟಲೊಂದು ಚೆನ್ನಾಗಿ ಕಂಡಿತು. ಕೇಳಿದರೆ ಅದನ್ನೂ ಅವರೇ ಕೊಡಿಸುತ್ತಿದ್ದರು, ಹಾಗಾಗಿ ನೋಡಲೇ ಇಲ್ಲವೆಂಬಂತೆ ಬಂದುಬಿಟ್ಟೆ.

ಅಕ್ಟೋಬರ್ ೧೦, ಬುಧವಾರ

ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿದ ಮೇಲೆ ಎಲ್ಲರೂ ಒಂದೇ. ಬರೀ ತಲೆಗಳು ತೇಲುತ್ತಿರುತ್ತವೆ, ಯಾರ ಜೇಬೂ ಕಾಣುವುದಿಲ್ಲ. ನಾನು ನನಗೇ ಗೊಣಗಿಕೊಳ್ಳುತ್ತಿದ್ದೆನಂತೆ. ಪಕ್ಕದ ತಲೆಯೊಂದು ನಮ್ಮ ಭಾಷೆಯಲ್ಲೇ, "ಯಾರಿಗ್ರೀ ಬೈತಿದ್ದೀರಿ?" ಅಂದಿತು.

ಹೆಸರು ಎರ್ಜಿಕಾ. ಮಾತು ಹಂಗೇರಿಯನ್, ಊರು ನಮ್ಮ ದೇಶದ ಸೆಂತಾ. ಎರಡೂ ಕಡೆ ಸಲ್ಲುವವಳು. ಪ್ರತಿ ಶರತ್ಕಾಲದಲ್ಲಿ ಇಲ್ಲಿಗೆ ಬರುತ್ತಾಳಂತೆ. ತಲೆಯ ಮೇಲೆ ಹೂವಿನ ರಬ್ಬರ್ ಟೋಪಿ. ಯಂತ್ರಕ್ಕೆ ಬೈಯುತ್ತಿದ್ದೇನೆ ಅಂದೆ, ಆಮೇಲೆ ನಿಲ್ಲಿಸುವುದಕ್ಕಾಗದೆ ಭಾವನವರೆಗೂ ಹೇಳಿಬಿಟ್ಟೆ. ನೀರಿನ ಬಿಸಿಗೆ ಬಾಯಿ ಸಡಿಲವಾಗುತ್ತದೆ.

"ಕಾರ್ಡು ಯಾವ ಬಣ್ಣ?" ಅಂದಳು.

"ನೀಲಿ."

"ಅಯ್ಯೋ ತಾಯಿ! ಅದು ನಮ್ಮ ದೇಶದೊಳಗೆ ಮಾತ್ರ ನಡೆಯೋದು. ಗಡಿ ದಾಟಿದ್ರೆ ಅದು ಬರೀ ಪ್ಲಾಸ್ಟಿಕ್ಕು. ಬೇರೆ ಕೊಟ್ಟಿಲ್ವಾ ಬ್ಯಾಂಕಿನವರು?"

"ಇನ್ನೊಂದಿದೆ. ಬೂದು. ಅದಕ್ಕೆ ಫೀ ಅಂತೆ."

ಎರ್ಜಿಕಾ ನನ್ನ ಮುಖ ನೋಡಿದಳು. "ನೀವು ಪಿರೋತಿನವರಾ?"

ಕೊಳದಲ್ಲಿ ಮುಳುಗಿಬಿಡೋಣ ಅನ್ನಿಸಿತು. ಆದರೆ ಅವಳು ನಗುತ್ತಿದ್ದ ರೀತಿಗೆ ನನಗೂ ನಗು ಬಂತು, ಇಬ್ಬರೂ ನಕ್ಕು ನಕ್ಕು ನೀರು ಕುಡಿದೆವು. ಆಮೇಲೆ ಪಾಠ ಹೇಳಿದಳು. ಬೀದಿಯಲ್ಲಿ ಮಿಣುಕು ದೀಪ ಹಾಕಿಕೊಂಡು ಕರೆಯುವ ಯಂತ್ರದ ಹತ್ತಿರ ಸುಳಿಯಬೇಡ, ಬ್ಯಾಂಕಿನ ಗೋಡೆಯಲ್ಲಿರುವುದಕ್ಕೆ ಹೋಗು. ಅದು ದೊಡ್ಡ ದೊಡ್ಡ ಮೊತ್ತ ತೋರಿಸಿದರೆ ಬಿಟ್ಟುಬಿಡು, ಬೇಕಾದ್ದನ್ನು ನೀನೇ ಒತ್ತು. ಕೊನೆಯಲ್ಲಿ ನಮ್ಮ ದಿನಾರಿನ ಲೆಕ್ಕ ತೋರಿಸುತ್ತದೆ, "ಇಷ್ಟು ದಿನಾರು ಮುರಿದುಕೊಳ್ಳಲೇ?" ಎಂದು ಬೆಣ್ಣೆ ಹಚ್ಚಿ ಕೇಳುತ್ತದೆ.

"ಒಪ್ಕೋಬೇಡ. ಅಲ್ಲೇ ಇರೋದು ಮೋಸ. ಅವರ ದರದಲ್ಲಿ ಲೆಕ್ಕ ಹಾಕಿ ಚರ್ಮ ಸುಲೀತಾರೆ. ಹಸಿರು ಬೇಡ, ಕೆಂಪು ಒತ್ತು. ನಿನ್ನ ಬ್ಯಾಂಕು ಅದರ ದರದಲ್ಲೇ ಲೆಕ್ಕ ಹಾಕ್ಲಿ."

"ಕೆಂಪು ಒತ್ತಿದ್ರೆ ಎಲ್ಲಾ ರದ್ದಾಗಲ್ವಾ?"

"ಹಾಗೆ ಹೆದರ್ಲಿ ಅಂತಾನೇ ಕೆಂಪು ಹಾಕಿರೋದು!"

ಕೋಣೆಗೆ ಬಂದು ಒಳಲಂಗದ ಜೇಬು ತಡಕಿದೆ. ಬೂದು ಕಾರ್ಡು ಬೆಚ್ಚಗೆ ಕೂತಿತ್ತು.

ಅಕ್ಟೋಬರ್ ೧೧, ಗುರುವಾರ

ಬಂತು! ಬಂತು! ಬಂತು!

ಮೊದಲಿನಿಂದ ಬರೆಯುತ್ತೇನೆ. ಬೆಳಿಗ್ಗೆ ಭಾವನಿಗೆ ಕೈಕಾಲು ತಿಕ್ಕಿಸಿಕೊಳ್ಳುವ ಸರದಿ ಇತ್ತು. ಅವರು ಒಳಗೆ ಹೋದದ್ದೇ ನಾನು ಕೋಟು ಹಾಕಿಕೊಂಡು ಹೊರಟೆ. ಎಲ್ಲಿಗೆ ಅಂದಳು ಝಗೋರ್ಕಾ. ಗಾಳಿಗೆ ಅಂದೆ. ಜೊತೆಗೆ ಬರಲಾ ಅಂದಳು. ಬೇಡ ಅಕ್ಕಾ ಅಂದೆ. ಇಷ್ಟು ನೇರವಾಗಿ ಯಾಕೆ ಅಂದೆನೋ, ಅವಳಿಗೆ ಬೇಜಾರಾಯಿತೇನೋ.

ಬ್ಯಾಂಕಿನ ಗೋಡೆಯ ಯಂತ್ರದ ಮುಂದೆ ಒಬ್ಬ ಮುದುಕ ನಿಂತಿದ್ದ, ಅವನೂ ಕಾರ್ಡನ್ನು ಅತ್ತ ಇತ್ತ ತಿರುಗಿಸಿ ಹಾಕುತ್ತಿದ್ದ. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು. ನನ್ನ ಸರದಿ ಬಂದಾಗ ಬೂದು ಕಾರ್ಡು ಹಾಕಿದೆ. ಅದು ಉಗುಳಲಿಲ್ಲ, ನುಂಗಿತು. ನುಂಗಿದ ಮೇಲೆ ಇನ್ನೊಂದು ಹೆದರಿಕೆ, ಕೊಡದೇ ಹೋದರೆ? ಸಂಖ್ಯೆ ಒತ್ತಿದೆ. ಆರು ದೊಡ್ಡ ಮೊತ್ತಗಳನ್ನು ಹರವಿತು, ಎಲ್ಲದರಲ್ಲೂ ಸೊನ್ನೆಗಳ ಸಾಲು. ಬಿಟ್ಟೆ. ಇಲ್ಲಿಯ ದುಡ್ಡಿನಲ್ಲಿ ಮೂವತ್ತು ಸಾವಿರ ಫೋರಿಂಟು ಎಂದು ನಾನೇ ಒತ್ತಿದೆ. ಅಂದರೆ ನನ್ನ ತಿಂಗಳ ಪಿಂಚಣಿಯಲ್ಲಿ ಹತ್ತಿರ ಹತ್ತಿರ ಅರ್ಧ. ಒತ್ತುವ ಮುಂಚೆ ಸೊನ್ನೆಗಳನ್ನು ಎರಡು ಸಲ ಎಣಿಸಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬಂತು ನೋಡಿ ಆ ತೆರೆ. ನಮ್ಮ ದಿನಾರು! ಇಡೀ ಊರಿನಲ್ಲಿ ಯಾರೂ ಮುಟ್ಟದ ನಮ್ಮ ದಿನಾರಿನ ಹೆಸರು ಆ ಯಂತ್ರ ಬರೆದು ತೋರಿಸುತ್ತಿದೆ. ಕೆಳಗೆ ಹಸಿರು ಮನೆ, ಕೆಂಪು ಮನೆ. ಪರದೇಶದಲ್ಲಿ ಊರಿನವರು ಯಾರೋ ಸಿಕ್ಕಿ ಕೈ ಹಿಡಿದುಕೊಂಡಷ್ಟು ಹಿತವಾಯಿತು ನನಗೆ. ಬೆರಳು ತಾನಾಗಿಯೇ ಹಸಿರಿನ ಕಡೆ ಹೋಯಿತು. ಲೆಕ್ಕ ಗೊತ್ತಾಗುತ್ತದಲ್ಲ, ಗೊತ್ತಿರುವುದೇ ಒಳ್ಳೆಯದಲ್ಲವೇ? ಆಗ ಆ ಹೂವಿನ ಟೋಪಿ ನೆನಪಾಯಿತು. ಕಣ್ಣು ಮುಚ್ಚಿ ಕೆಂಪು ಒತ್ತಿದೆ.

ಯಂತ್ರ ಸುಮ್ಮನಾಯಿತು. ಮುಗಿಯಿತು, ಕಾರ್ಡೂ ಹೋಯಿತು, ದುಡ್ಡೂ ಹೋಯಿತು, ಭಾವನಿಗೆ ಏನು ಹೇಳಲಿ ಅಂದುಕೊಳ್ಳುತ್ತಿರುವಾಗಲೇ ಕಾರ್ಡು ಹೊರಗೆ ಬಂತು. ಹಿಂದೆಯೇ ಗರಗರ ಸದ್ದು. ನೋಟುಗಳು! ಹಂಗೇರಿಯ ರಾಜರೆಲ್ಲ ಮೀಸೆ ತಿರುವಿಕೊಂಡು ಒಬ್ಬರ ಹಿಂದೊಬ್ಬರು ಬಂದು ನನ್ನ ಕೈಗೆ ಬಿದ್ದರು. ನಾನು ಕೇಳಿದೆ, ಒಂದು ದೇಶ ಕೊಟ್ಟಿತು. ಯಾರೂ ಜೊತೆಗಿರಲಿಲ್ಲ, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಹಿಂದೆ ಸಾಲಿನಲ್ಲಿದ್ದ ಹೆಂಗಸಿನ ಕೈ ಕುಲುಕಿದೆ. ಪಾಪ, ಅವಳೂ ಕುಲುಕಿದಳು.

ಬರುವಾಗ ಪಿಂಗಾಣಿ ಬಟ್ಟಲಿನ ಅಂಗಡಿ ಸಿಕ್ಕಿತು. ನೋಡಿದೆ, ಕೈಯಲ್ಲಿ ಹಿಡಿದೂ ನೋಡಿದೆ, ಬೆಲೆ ಹೆಚ್ಚಾಯಿತೆಂದು ವಾಪಸು ಇಟ್ಟೆ. ಬೇಡ ಅನ್ನುವುದಕ್ಕೂ ಕೈಯಲ್ಲಿ ದುಡ್ಡಿರಬೇಕು, ಆಗ ಅದರ ಸುಖವೇ ಬೇರೆ.

ಅಕ್ಟೋಬರ್ ೧೨, ಶುಕ್ರವಾರ

ಇಂದು ಎರಡು ಕೆಲಸ ಆಯಿತು. ಒಂದು ನಾನು ಮಾಡಿದ್ದು, ಇನ್ನೊಂದು ತಾನಾಗಿ ಆದದ್ದು.

ಬೆಳಿಗ್ಗೆ ಎರ್ಜಿಕಾಳನ್ನು ಕರೆದುಕೊಂಡು ಕೋಟೆಯ ಪಕ್ಕದ ಹೋಟೆಲಿಗೆ ಹೋದೆ. ನಾಳೆ ಮಧ್ಯಾಹ್ನ ನಮ್ಮ ಕೊನೆಯ ಊಟ ಅಲ್ಲೇ, ಭಾವ ಆಗಲೇ ಮೇಜು ಗೊತ್ತು ಮಾಡಿದ್ದಾರೆ. ಯಜಮಾನಿ ದಪ್ಪಗಿನ ಹೆಂಗಸು, ತೋಳು ಮಡಿಸಿಕೊಂಡೇ ಮಾತಾಡುತ್ತಾಳೆ. ಎರಡು ಸಾವಿರ ಕೈಖರ್ಚಿಗೆ ಉಳಿಸಿಕೊಂಡು, ನನ್ನ ಇಪ್ಪತ್ತೆಂಟು ಸಾವಿರವನ್ನು ಕೌಂಟರಿನ ಮೇಲೆ ಇಟ್ಟೆ. ಊಟದ ಬಿಲ್ಲು ಎಷ್ಟಾದರೂ ಇದರಲ್ಲೇ ಮುರಿದುಕೊಳ್ಳಿ, ಮಿಕ್ಕದ್ದು ವಾಪಸು ಕೊಡಿ ಎಂದು ಎರ್ಜಿಕಾ ಹೇಳಿದಳು. ಯಜಮಾನಿಗೆ ಅರ್ಥವಾಗಲಿಲ್ಲ. ತಿನ್ನುವ ಮುಂಚೆಯೇ ಯಾಕೆ ಕೊಡುತ್ತೀರಿ, ನನ್ನ ಅಡುಗೆ ಮೇಲೆ ಅನುಮಾನವೇ ಎಂದು ಕೇಳಿದಳಂತೆ.

"ಮೀಸೆ ಇರೋ ಭಾವ ಒಬ್ರಿದ್ದಾರೆ ಅಂತ ಹೇಳು," ಅಂದೆ.

ಎರ್ಜಿಕಾ ಏನು ಹೇಳಿದಳೋ, ತುಸು ಉದ್ದವಾಗಿಯೇ ಹೇಳಿದಳು. ಯಜಮಾನಿ ಮಡಿಸಿದ ತೋಳು ಬಿಚ್ಚಿ, ಹಣ ಎಣಿಸಿ, ಡ್ರಾಯರಿಗೆ ಹಾಕಿ ಬೀಗ ಜಡಿದಳು. ಆಮೇಲೆ ಒಂದೊಂದು ಸಣ್ಣ ಲೋಟ ಪ್ಲಮ್ ಬ್ರಾಂಡಿ ಬಂತು. ಅದಕ್ಕೆ ಅವಳು ದುಡ್ಡು ತೆಗೆದುಕೊಳ್ಳಲಿಲ್ಲ.

ನಾಳೆ ಊಟಕ್ಕೆ ನೀನೂ ಬಾ ಎಂದು ಎರ್ಜಿಕಾಗೆ ಹೇಳಿದೆ. ಯಾರನ್ನೂ ಕೇಳದೆ ಕರೆದುಬಿಟ್ಟೆನಲ್ಲ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ನನ್ನ ಊಟ, ನಾನು ಕರೆದೆ, ಅಷ್ಟೇ.

ಮಧ್ಯಾಹ್ನದ್ದು ತಮಾಷೆ. ಸಂಘದವರಿಗೆಲ್ಲ ಈ ಊರಿನ ಸಾಸೇಜು ಕೊಂಡು ಹೋಗುವ ಹುಚ್ಚು. ಇದನ್ನು ನಮ್ಮೂರ ಸಾಸೇಜಿಗೆ ಹೋಲಿಸಿ ಕೆಟ್ಟದ್ದೆಂದು ಹೇಳಬೇಕಲ್ಲ, ಅದಕ್ಕೆ ಕೊಳ್ಳಬೇಕು. ಎಲ್ಲರ ಕೈಯಲ್ಲೂ ಫೋರಿಂಟು ಮುಗಿದಿತ್ತು. ಎಟಿಎಂ ಪ್ರತಿ ಸಲಕ್ಕೂ ಫೀ ಹಿಡಿಯುತ್ತದೆ ಎಂದು ಯಾರೋ ಅಂದದ್ದೇ ಗವ್ರಿಲೋನ ತಲೆ ಓಡಿತು.

"ಎಲ್ರೂ ಯಾಕೆ ಫೀ ಕೊಡ್ಬೇಕು? ಒಬ್ರ ಕಾರ್ಡಲ್ಲಿ ಎಲ್ರಿಗೂ ಒಟ್ಟಿಗೆ ತೆಗೆದ್ರೆ ಒಂದೇ ಫೀ!"

ಇಂಥ ಯೋಚನೆ ನಮ್ಮೂರವರಿಗಲ್ಲದೆ ಇನ್ಯಾರಿಗೆ ಬರುತ್ತದೆ? ಹನ್ನೆರಡು ಜನ ಹೆಸರು ಕೊಟ್ಟರು. ಕಾರ್ಡು ಯಾರದ್ದು? ಭಾವ ಎದೆ ಮುಂದೆ ಮಾಡಿ, "ನನ್ನದೇ ಆಗ್ಲಿ. ಫೀನೂ ನನ್ನದೇ ಇರ್ಲಿ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆರವಣಿಗೆಯಂತೆ ಹೊರಟೆವು. ಔಷಧಿ ಅಂಗಡಿ ಪಕ್ಕದ ಮಿಣುಕು ದೀಪದ ಯಂತ್ರಕ್ಕೇ ಹೋದರು. ದಿನಾರಿನ ತೆರೆ ಬಂದದ್ದೇ ಭಾವ ನಮ್ಮ ಕಡೆ ತಿರುಗಿ, "ನೋಡಿದ್ರಾ, ನಮ್ಮ ದುಡ್ಡಿಗೂ ಮರ್ಯಾದೆ ಇದೆ!" ಎಂದು ಹಸಿರನ್ನು ಹೆಬ್ಬೆರಳಿನಲ್ಲಿ ಒತ್ತಿದರು.

ನೋಟಿನ ಕಂತೆ ಬಂತು. ಸ್ವಲ್ಪ ಹೊತ್ತಿಗೆ ಅವರ ಫೋನು ಟಿಂಗ್ ಅಂತು, ಬ್ಯಾಂಕಿನಿಂದ ಮೆಸೇಜು. ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಹನ್ನೆರಡು ಫೀ ಬೇರೆ ಬೇರೆ ಕೊಟ್ಟಿದ್ದರೂ ಅಷ್ಟು ಹೋಗುತ್ತಿರಲಿಲ್ಲ.

"ಇದನ್ನ ಎಲ್ರೂ ಹಂಚ್ಕೋಬೇಕಾಗುತ್ತೆ," ಅಂದರು ಮೆಲ್ಲಗೆ.

"ಫೀ ನಂದೇ ಅಂದ್ರಿ!" ಎಂದು ಹನ್ನೆರಡು ಜನವೂ ಒಟ್ಟಿಗೆ ಕೂಗಿದರು.

"ಕೆಂಪು ಒತ್ತಬೇಕಿತ್ತು," ಅಂದೆ ನಾನು. ಬಾಯಿ ತಪ್ಪಿ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು.

"ನಿನಗೆ ಹೇಗೆ ಗೊತ್ತು?" ಅಂದರು ಭಾವ.

"ಕೊಳದಲ್ಲಿ ಯಾರೋ ಹೇಳ್ತಿದ್ರು ಭಾವ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಎಂದಿನಂತೆ ಕಣ್ಣು ಕೆಳಗೆ ಮಾಡಬೇಕಿತ್ತು, ಯಾಕೋ ಮರೆತುಹೋಯಿತು. ಅಷ್ಟರಲ್ಲಿ ಇನ್ನೂ ದುಡ್ಡು ತೆಗೆಯದ ಹೆಂಗಸರು ನನ್ನನ್ನು ಹಿಡಿದುಕೊಂಡರು. ಅವರನ್ನು ಬ್ಯಾಂಕಿನ ಗೋಡೆಯವರೆಗೆ ಕರೆದುಕೊಂಡು ಹೋಗಿ ಒಬ್ಬೊಬ್ಬರ ಹಿಂದೆಯೂ ನಿಂತೆ. "ಬಿಡು, ಅದು ಬೇಡ, ಹೆದರಬೇಡ, ಕೆಂಪು, ಕೆಂಪು!" ಕೂಗಿ ಕೂಗಿ ಗಂಟಲು ಬಿದ್ದುಹೋಗಿದೆ. ಮಂಡಿ ನೋವು ಎರಡು ದಿನದಿಂದ ಇಲ್ಲ, ಈ ನೀರಿಗೆ ಗುಣ ಇದೆ.

ಅಕ್ಟೋಬರ್ ೧೩, ಶನಿವಾರ

ಊಟ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಮೇಜಿಗೆ ಐದು ಜನ. ಭಾವ, ಝಗೋರ್ಕಾ, ಗವ್ರಿಲೋ, ಎರ್ಜಿಕಾ, ನಾನು. ಎರ್ಜಿಕಾಳನ್ನು ನೋಡಿ ಭಾವ ಹುಬ್ಬು ಹಾರಿಸಿದರು. ನನ್ನ ಗೆಳತಿ, ನಾನೇ ಕರೆದೆ ಅಂದೆ. "ಕರೆಯೋದು ನೀನು, ಕೊಡೋದು ನಾನು!" ಎಂದು ನಕ್ಕರು. ನಗಲಿ ಎಂದು ಬಿಟ್ಟೆ. ಅವರು ಮೊದಲೇ ಬಂದು, ತಮ್ಮನ್ನು ಬಿಟ್ಟು ಯಾರ ಕೈಯಿಂದಲೂ ದುಡ್ಡು ತೆಗೆದುಕೊಳ್ಳಕೂಡದು ಎಂದು ಯಜಮಾನಿಗೆ ಸನ್ನೆಯಲ್ಲಿ ತಾಕೀತು ಮಾಡಿದ್ದರಂತೆ. ಅವಳು ತಲೆಯಾಡಿಸಿದಳಂತೆ. ಅದೂ ನಿಜವೇ, ಇವತ್ತು ಅವಳು ಯಾರ ಕೈಯಿಂದಲೂ ತೆಗೆದುಕೊಳ್ಳಬೇಕಾಗಿರಲಿಲ್ಲ.

ಭಾವ ತರಿಸಿದ್ದು ಸಣ್ಣ ಊಟವೇನಲ್ಲ. ಗುಲಾಶ್ ಎಂಬ ಮಾಂಸದ ಸಾರು, ಬಾತುಕೋಳಿ ತೊಡೆ, ಗಸಗಸೆ ಹಾಕಿದ ಸಿಹಿ. ಒಂದೊಂದು ತಟ್ಟೆ ಬಂದಾಗಲೂ ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಗವ್ರಿಲೋ ಇನ್ನೊಂದು ಬಾಟಲಿ ವೈನು ಬೇಕು ಅಂದಾಗ ಅವನ ಕಾಲು ತುಳಿಯಬೇಕೆನ್ನಿಸಿತು. ತುಳಿದೆ ಕೂಡ. ಅವನು ಏನು ತಿಳಿದುಕೊಂಡನೋ, ಊಟ ಮುಗಿಯುವವರೆಗೂ ನನ್ನ ಕಡೆ ನೋಡಿ ಮುಗುಳ್ನಗುತ್ತಿದ್ದ.

ಸಿಹಿ ಮುಗಿಯುವ ಹೊತ್ತಿಗೆ ಭಾವ ಕೈತೊಳೆಯಲು ಎದ್ದರು. ಆದರೆ ಅವರು ಕೌಂಟರಿಗೆ ಹೋಗಲಿಲ್ಲ. ಇಂದು ಎಲ್ಲರೂ ನೋಡುವಂತೆ ಕೊಡಬೇಕೆಂದಿದ್ದರು. ಬಂದು ನಿಂತು ಲೋಟ ಎತ್ತಿದರು. ಪಕ್ಕದ ಮೇಜುಗಳಲ್ಲಿದ್ದ ಸಂಘದವರೂ ಮಾತು ನಿಲ್ಲಿಸಿದರು.

"ನನ್ನ ತಮ್ಮ ತಿಹೋಮಿರ್ ಇಲ್ಲ. ಆದ್ರೆ ಅವನ ಮನೆ ಜವಾಬ್ದಾರಿ ನಂದು. ಬರೋ ತಿಂಗಳಿಂದ ರಾದೊಯ್ಕಾ ನಮ್ಮ ಮನೇಲೇ ಇರ್ತಾಳೆ. ಅವಳ ಮನೆ, ಪಿಂಚಣಿ, ಖರ್ಚು, ವೆಚ್ಚ ಎಲ್ಲಾ ನಾನು ನೋಡ್ಕೋತೀನಿ. ಅವಳು ನಿಶ್ಚಿಂತೆಯಾಗಿರ್ಲಿ!"

ಕೆಲವರು ಚಪ್ಪಾಳೆ ಹೊಡೆದರು. ಭಾವ ಕೂರುತ್ತಾ ಪರ್ಸು ತೆಗೆದು ಮೇಜಿನ ಮೇಲೆ ಇಟ್ಟು, ಬಿಲ್ಲು ತರಲು ಬೆರಳು ಎತ್ತಿದರು.

ಯಜಮಾನಿ ತಾನೇ ಬಂದಳು. ಕೈಯಲ್ಲಿ ಒಂದು ಸಣ್ಣ ತಟ್ಟೆ, ಅದರ ಮೇಲೆ ಮಡಿಸಿದ ಬಿಳಿ ಬಟ್ಟೆ. ಭಾವ ಕೈ ಚಾಚಿದರು. ಅವಳು ಅವರ ಕೈಯನ್ನು ತಪ್ಪಿಸಿಕೊಂಡು, ಗವ್ರಿಲೋನನ್ನು ದಾಟಿ, ಮೇಜನ್ನು ಸುತ್ತಿ ಬಂದು, ತಟ್ಟೆಯನ್ನು ನನ್ನ ಮುಂದೆ ಇಟ್ಟಳು. ಬಟ್ಟೆ ತೆಗೆದಳು. ಎರಡು ನೋಟು, ಒಂದಷ್ಟು ಚಿಲ್ಲರೆ. ನನ್ನ ಚಿಲ್ಲರೆ.

"ಇದೇನಿದು?" ಅಂದರು ಭಾವ.

"ಮಿಕ್ಕಿದ್ದು ಭಾವ," ಅಂದೆ. "ಊಟ ನನ್ನದು. ನಿನ್ನೆನೇ ಕೊಟ್ಟಾಯ್ತು."

ಭಾವ ಯಜಮಾನಿಯನ್ನು ನೋಡಿದರು, ಅವಳು ತೋಳು ಮಡಿಸಿಕೊಂಡು ನಿಂತಿದ್ದಳು. ಪರ್ಸನ್ನು ನೋಡಿದರು. ಅದು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ನಾನು ಎದ್ದು ನಿಂತೆ. ಮಾತಾಡಬೇಕೆಂದು ಎದ್ದದ್ದಲ್ಲ, ಕಾಲು ತಾನಾಗಿ ಎದ್ದಿತು. "ಭಾವ, ದುಡ್ಡು ಕೊಟ್ಟವರು ಮಾತಾಡ್ಬೇಕು, ತಿಂದವರು ಕೇಳ್ಬೇಕು. ನೀವೇ ಹೇಳೋದು. ಮೂರು ವರ್ಷ ನಾನು ತಿಂದೆ, ಕೇಳಿದೆ. ಇವತ್ತು ನೀವು ತಿಂದಿದ್ದೀರಿ, ಕೇಳಿ. ನಾನು ನನ್ನ ಮನೇಲೇ ಇರ್ತೀನಿ. ನನ್ನ ಪಿಂಚಣಿ ನಾನೇ ನೋಡ್ಕೋತೀನಿ. ನೀವು ಮಾಡಿದ್ದನ್ನ ಮರೆಯಲ್ಲ. ಭಾನುವಾರ ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ. ಕರೆಯೋದೂ ನಾನೇ, ಕೊಡೋದೂ ನಾನೇ."

ಲೋಟ ಎತ್ತಿದೆ. ಮೊದಲು ಲೋಟ ಎತ್ತಿದವಳು ಎರ್ಜಿಕಾ. ಆಮೇಲೆ ನಿನ್ನೆ ಕೆಂಪು ಒತ್ತಿದ ಹೆಂಗಸರೆಲ್ಲ ಪಕ್ಕದ ಮೇಜುಗಳಿಂದ, "ರಾದೊಯ್ಕಾಗೆ! ರಾದೊಯ್ಕಾಗೆ!" ಎಂದು ಕೂಗಿದರು. ಒಬ್ಬಳು ಮೇಜು ಗುದ್ದಿದಳು, ಚಮಚಗಳು ಕುಣಿದವು. ಗವ್ರಿಲೋ ಎದ್ದು ಬಂದು ನನ್ನ ಕೈಗೆ ಮುತ್ತಿಟ್ಟ. ಕಾಲು ತುಳಿದದ್ದರ ಫಲ ಅದು, ಆಮೇಲೆ ಬಿಡಿಸಿ ಹೇಳಬೇಕು.

ಭಾವ ಬಹಳ ಹೊತ್ತು ಮೀಸೆ ಒರೆಸಿಕೊಳ್ಳುತ್ತಿದ್ದರು. ಕೊನೆಗೆ ನನ್ನ ಕಡೆ ಬಾಗಿ, ಯಾರಿಗೂ ಕೇಳಿಸದಂತೆ, "ಆ ಯಂತ್ರ ಎಷ್ಟು ಫೀ ಕಿತ್ಕೊಂಡ್ತು?" ಅಂದರು.

ಹೇಳಿದೆ.

"ಅಷ್ಟೇನಾ?" ಅಂದರು. ಆ ಒಂದು ಮಾತಿನಲ್ಲಿ ನೋವಿಗಿಂತ ಮೆಚ್ಚುಗೆಯೇ ಹೆಚ್ಚಿತ್ತು ಎಂದು ಆಣೆ ಮಾಡಿ ಹೇಳುತ್ತೇನೆ. ಸಂತೋಷವಾಗಿದೆ. ಬೇರೆ ಪದ ಹುಡುಕುವುದಿಲ್ಲ, ಸಂತೋಷವಾಗಿದೆ.

ಅಕ್ಟೋಬರ್ ೧೪, ಭಾನುವಾರ. ಬಸ್ಸಿನಲ್ಲಿ

ಗಡಿ ದಾಟಿದೆವು. ಡ್ರೈವರು ಹಾಡು ಜೋರಾಗಿ ಹಾಕಿದ್ದ, ತಗ್ಗಿಸು ಅಂದೆ, ತಗ್ಗಿಸಿದ. ಬಸ್ಸು ನಿಂತ ಕಡೆ ಭಾವ ಇಳಿದು ಹೋಗಿ ಮೂರು ಕಾಫಿ ಹಿಡಿದುಕೊಂಡು ಬಂದರು. ಒಂದನ್ನು ನನ್ನ ಮುಂದೆ ಹಿಡಿದು, "ಇದಕ್ಕಾದ್ರೂ ನನ್ನ ದುಡ್ಡು ನಡೀತದಾ?" ಅಂದರು.

"ನಡೀತದೆ ಭಾವ. ಸಕ್ಕರೆ ಮಾತ್ರ ನಾನೇ ಹಾಕ್ಕೋತೀನಿ."

ಝಗೋರ್ಕಾ ದಾರಿಯುದ್ದಕ್ಕೂ ಏನೋ ಯೋಚಿಸುತ್ತಾ ಕೂತಿದ್ದಾಳೆ. ಮೊಟ್ಟೆಯೊಂದನ್ನು ಸುಲಿದು, ಅತ್ತ ಇತ್ತ ನೋಡಿ, ತಾನೇ ತಿಂದಳು.

ಅಕ್ಟೋಬರ್ ೧೫, ಸೋಮವಾರ

ಬೆಳಿಗ್ಗೆ ಬಟ್ಟೆ ನೆನೆಹಾಕುತ್ತಿದ್ದೆ, ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಝಗೋರ್ಕಾ. ಚರ್ಚಿಗೆ ಹಾಕುವ ಕೋಟು, ಲಿಪ್‌ಸ್ಟಿಕ್ಕು, ಕೈಯಲ್ಲಿ ಗುರುತಿನ ಚೀಟಿ.

"ಕೈ ಒರೆಸ್ಕೋ, ನಡಿ," ಅಂದಳು.

"ಎಲ್ಲಿಗೆ ಅಕ್ಕಾ?"

"ಬ್ಯಾಂಕಿಗೆ. ಟೈರ್ ಫ್ಯಾಕ್ಟರೀಲಿ ಜೀವನ ಪೂರ್ತಿ ದುಡಿದು ಬಂದ ಪಿಂಚಣಿ ನಂದು. ಪೋಸ್ಟ್‌ಮ್ಯಾನ್ ಬಂದಾಗ ಸಹಿ ಮಾಡೋದು ನಾನು, ಎಣಿಸಿ ಒಳಗೆ ಇಟ್ಕೊಳ್ಳೋದು ಅವರು. ಒಂದು ಜೊತೆ ಕಾಲುಚೀಲ ಬೇಕಾದ್ರೂ ಕೇಳ್ಬೇಕು. ಸಾಕಾಗಿದೆ ರಾದೋ."

"ಭಾವನಿಗೆ ಹೇಳಿದ್ಯಾ?"

"ಮಲಗಿದ್ರು," ಅಂದಳು. "ಎದ್ದ ಮೇಲೆ ಅವರಿಗೇ ಗೊತ್ತಾಗುತ್ತೆ."

ಬ್ಯಾಂಕಿನ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆವು. ಅದೇ ಹುಡುಗಿ ಇದ್ದಳು. ನೀಲಿ ಮತ್ತು ಬೂದು, ಎರಡೂ ಬೇಕು ಎಂದು ಝಗೋರ್ಕಾ ತಾನೇ ಹೇಳಿದಳು, ಫೀ ಎಷ್ಟು ಎಂದು ಕೊನೆಯವರೆಗೆ ಕೇಳಿಸಿಕೊಂಡಳು. ನಾನು ಪಕ್ಕದಲ್ಲಿ ನಿಂತು ಎಲ್ಲಿ ಸಹಿ, ಯಾವುದು ಮೊದಲು ಎಂದು ತೋರಿಸುತ್ತಿದ್ದೆ. ನಾನಿಲ್ಲದಿದ್ದರೆ ಇವಳಿಗೆ ಏನು ಗೊತ್ತಾಗುತ್ತಿತ್ತು ಎಂದು ಒಳಗೊಳಗೇ ಬೀಗುತ್ತಿದ್ದೆ, ಇರಲಿ. ಹುಡುಗಿ ಗುಂಡಿಗಳ ಪುಟ್ಟ ಪೆಟ್ಟಿಗೆಯನ್ನು ಮುಂದೆ ತಳ್ಳಿ, "ನಿಮಗೆ ನೆನಪಿರೋ ನಾಲ್ಕು ಅಂಕೆ ಒತ್ತಿ ಅಮ್ಮ," ಅಂದಳು.

ನಾನು ಸಹಾಯಕ್ಕೆ ಬಾಗಿದೆ. ಝಗೋರ್ಕಾ ಒಂದು ಅಂಗೈಯನ್ನು ಪೆಟ್ಟಿಗೆಯ ಮೇಲೆ ಅಡ್ಡ ಹಿಡಿದಳು. ಇನ್ನೊಂದು ಕೈ ನನ್ನ ಭುಜದ ಮೇಲಿಟ್ಟು ಮೆತ್ತಗೆ ದೂರ ತಳ್ಳಿದಳು.

"ರಾದೋ, ನೀನೂ ಆ ಕಡೆ ತಿರುಗು."

ತಿರುಗಿದೆ. ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದಿನಿಂದ ಗುಂಡಿಗಳ ಸದ್ದು ನಿಧಾನವಾಗಿ ಒಂದೊಂದಾಗಿ ಕೇಳಿಬಂತು. ನಗು ತಡೆಯಲಾಗದೆ ನನ್ನ ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರೂ ಬಂತು. ಅವಳು ಆಯ್ತು ಅನ್ನುವವರೆಗೂ ನಾನು ತಿರುಗಲಿಲ್ಲ.